ಬೆಟ್ಟಯ್ಯನವರು ತುಳಿಯದ ಸೈಕಲ್ಲು

ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಲ್ಲಿ ಕಳೆದ ಹದಿನೇಳು ವರ್ಷಗಳಲ್ಲಿ ಅಚ್ಚಾದ ಸ್ಮರಣ ಸಂಚಿಕೆ, ಬಿನ್ನವತ್ತಳೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಬಾಳೆ ಬೆಳೆಯುವವರಿಗೆ ಬರೆದ ಕೈಪಿಡಿ, ಕಾರ್ಖಾನೆಗಳ ಸುರಕ್ಷತಾ ಸಪ್ತಾಹದ ಕರಪತ್ರ ಇವೆಲ್ಲವನ್ನೂ ತಂದು ಒಂದೆಡೆ ಪೇರಿಸಿದರೆ ಸಾಧಾರಣ ಗಾತ್ರದ ಒಂದು ಕೋಣೆ ತುಂಬೀತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬರೆದವರು ಒಬ್ಬರೇ. ಆದರೆ ಬಹುಪಾಲು ಪುಟಗಳಲ್ಲಿ ಅವರ ಹೆಸರಿಲ್ಲ. ಅಧ್ಯಕ್ಷರ ಹೆಸರಿದೆ, ನಿರ್ದೇಶಕರ ಹೆಸರಿದೆ, ಮುಖ್ಯೋಪಾಧ್ಯಾಯರ ಹೆಸರಿದೆ. ಬರೆದುಕೊಟ್ಟ ಶ್ರೀ ಗಂಗಾಧರಸ್ವಾಮಿಯವರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡುವ ಅವಕಾಶ ಅವರಿಗೆ ಅರವತ್ತು ತುಂಬಿದ ಈ ವರ್ಷ ಒದಗಿಬಂದಿದೆ.

ನಿವೃತ್ತರಿಗೆ ಅಭಿನಂದನ ಗ್ರಂಥ ತರುವುದು ನಮ್ಮಲ್ಲಿ ರೂಢಿ. ಹದಿನೇಳು ವರ್ಷದಿಂದ ನೌಕರಿಯಲ್ಲೇ ಇಲ್ಲದ ಹವ್ಯಾಸಿ ಬರಹಗಾರರನ್ನು ಯಾವ ನೌಕರಿಯಿಂದ ನಿವೃತ್ತಿಗೊಳಿಸುವುದೆಂಬ ಪ್ರಶ್ನೆ ಸಮಿತಿಯ ಮೊದಲ ಸಭೆಯಲ್ಲೇ ಎದ್ದಿತು. ‘ಹವ್ಯಾಸಿ’ ಎಂಬ ಮಾತನ್ನು ಅವರು ಕೇಳಿಸಿಕೊಂಡರೆ ಸಿಟ್ಟಾಗುತ್ತಾರೆಂದು ಕೂಡಲೇ ಯಾರೋ ಎಚ್ಚರಿಸಿದರು. ಹವ್ಯಾಸಕ್ಕೆ ಬರೆಯುವವರು ಮಳೆ ಬಂದ ದಿನ ಬರೆಯದೆ ಇರಬಹುದು, ತಾವು ಹಾಗಲ್ಲ ಎಂಬುದು ಅವರ ವಾದ. ಕಡೆಗೆ ಅರವತ್ತರ ಹೆಸರಿನಲ್ಲಿ ಗ್ರಂಥ ತರುವುದೆಂದು ತೀರ್ಮಾನವಾಗಿ, ಈ ಲೇಖನದ ಹೊಣೆ ನರಸೀಪುರದ ಡಿ.ಟಿ.ಪಿ. ಸೆಂಟರಿನ ಕೋಮಲಳ ಪಾಲಿಗೆ ಬಂತು. ಅವಳು ಅವರ ಶಿಷ್ಯೆ. ಮುಂದೆ ಹೇಳಬೇಕಾಗಿರುವ ಒಂದು ತಪ್ಪಿನಲ್ಲಿ ಪಾಲುದಾರಳೂ ಹೌದು. ನಿನ್ನ ಬಗ್ಗೆ ಬರೆಯುವಾಗ ಪಕ್ಕದ ಮನೆಯವಳ ಬಗ್ಗೆ ಬರೆದಂತೆ ಬರಿ ಎಂದು ಗುರುಗಳು ಹೇಳಿಕೊಟ್ಟಿರುವುದರಿಂದ, ಇಲ್ಲಿ ಅವಳನ್ನು ಹೆಸರಿಟ್ಟೇ ಕರೆಯಲಾಗಿದೆ.

ಗಂಗಾಧರಸ್ವಾಮಿಯವರು ನಂಜನಗೂಡಿನ ಒಂದು ನೂಲಿನ ಗಿರಣಿಯಲ್ಲಿ ಹದಿನೆಂಟು ವರ್ಷ ಟೈಮ್ ಕೀಪರ್ ಆಗಿದ್ದವರು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟು ಗಂಟೆಗೆ ಹೊರಗೆ ಹೋದರು ಎಂದು ಬರೆಯುವುದೇ ಅಲ್ಲಿ ಅವರಿಗಿದ್ದ ಸಾಹಿತ್ಯ. ೧೯೯೧ರಲ್ಲಿ ಗಿರಣಿ ಬಾಗಿಲು ಹಾಕಿತು. ಅವರಿಗಾಗ ನಲವತ್ತಮೂರು. ಮನೆಯಲ್ಲಿ ಹೆಂಡತಿ ಚಿಕ್ಕಬಸಮ್ಮನವರು, ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ಒಬ್ಬಳೇ ಮಗಳು ಪವಿತ್ರ. ಕೊನೆಯ ದಿನ ಕಾರ್ಮಿಕರು ತಮ್ಮ ಮೇಸ್ತ್ರಿಗೆ ಬಿನ್ನವತ್ತಳೆ ಕೊಡಬೇಕೆಂದು ಹೊರಟು, ಅಕ್ಷರ ಚೆನ್ನಾಗಿರುವವರು ಇವರೊಬ್ಬರೇ ಎಂದು ಇವರ ಕೈಗೆ ಪೆನ್ನು ಕೊಟ್ಟರು. ಇವರು ಬರೆದದ್ದನ್ನು ಓದುವಾಗ ಮೇಸ್ತ್ರಿ ಅತ್ತರು, ಓದಿದವರೂ ಅತ್ತರು. ವಾರ ಕಳೆಯುವುದರೊಳಗೆ ಪಕ್ಕದ ಬೀದಿಯಿಂದ ಇನ್ನೊಬ್ಬರು ತಮ್ಮ ಮಾವನಿಗೆ ಅಂಥದೇ ಒಂದು ಬೇಕೆಂದು ಬಂದರು. ಬರವಣಿಗೆಯಿಂದಲೇ ಸಂಸಾರ ಸಾಗಿಸಬಹುದೇ ಎಂಬ ಯೋಚನೆ ಅವರ ತಲೆಗೆ ಹೊಕ್ಕದ್ದು ಆಗಲೇ.

ನಂಜನಗೂಡಿನಂಥ ಊರಿನಲ್ಲಿ ಈ ಯೋಚನೆಯನ್ನು ಬಾಯಿಬಿಟ್ಟು ಹೇಳಿದರೆ ನಗುವವರೇ ಹೆಚ್ಚು. ಅವರು ಯಾರಿಗೂ ಹೇಳದೆ ಕೆಲಸಕ್ಕೆ ಕುಳಿತರು. ಗಿರಣಿಯ ಸೈರನ್ ಕೂಗುತ್ತಿದ್ದ ಹೊತ್ತಿಗೇ ಎದ್ದು, ಸ್ನಾನಕ್ಕೆ ಮುಂಚೆ ಆರು ಪುಟ ಬರೆಯಲೇಬೇಕೆಂದು ನಿಯಮ ಮಾಡಿಕೊಂಡರು. ಆರು ಪುಟ ಆಗದ ದಿನ ಸ್ನಾನವೂ ಇಲ್ಲ, ತಿಂಡಿಯೂ ಇಲ್ಲ. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಹೊಸದಾಗಿ ಓದು ಕಲಿತವರಿಗೆ ದೊಡ್ಡ ಅಕ್ಷರದ ಪುಸ್ತಿಕೆಗಳನ್ನು ಬರೆದರು. ಆಕಾಶವಾಣಿಯ ಕೃಷಿ ಕಾರ್ಯಕ್ರಮಕ್ಕೆ ಸಂಭಾಷಣೆ, ಮೈಸೂರಿನ ಪತ್ರಿಕೆಗೆ ರಸಬಾಳೆಯ ಮೇಲೆ ಲೇಖನ, ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹೆಲ್ಮೆಟ್ ಧರಿಸಿ ಎಂಬಂಥ ಫಲಕಗಳು, ಇವುಗಳಲ್ಲಿ ಯಾವುದನ್ನೂ ಅವರು ಕೀಳೆಂದು ಬಿಡಲಿಲ್ಲ. ಇಷ್ಟೆಲ್ಲ ಬರೆದರೂ ಕೈಗೆ ಬರುತ್ತಿದ್ದದ್ದು ಮಾತ್ರ ಅಷ್ಟಕ್ಕಷ್ಟೇ. ಒಂದು ಅಭಿನಂದನ ಲೇಖನಕ್ಕೆ ಎಪ್ಪತ್ತೈದು ರೂಪಾಯಿ ಕೊಡುವುದಕ್ಕೂ ಜನ, ಬರೀ ಬರೆಯೋದಕ್ಕೆ ಇಷ್ಟಾ ಎಂದು ಹುಬ್ಬೇರಿಸುತ್ತಿದ್ದರು.

ದರ ಏರದಿದ್ದರೆ ಸಂಖ್ಯೆ ಏರಬೇಕು ಎಂದು ಅವರು ಲೆಕ್ಕ ಹಾಕಿದರು. ಅದಕ್ಕೆಂದೇ ಒಂದು ಉದ್ದನೆಯ ನೋಟ್‌ಬುಕ್ ಮಾಡಿಟ್ಟರು. ಶಿಕ್ಷಕರಿಗೆ, ಗುಮಾಸ್ತರಿಗೆ, ಸೊಸೈಟಿಯವರಿಗೆ, ಆಸ್ಪತ್ರೆಯವರಿಗೆ ಎಂದು ಅದರಲ್ಲಿ ವಿಭಾಗಗಳು. ಒಂದೊಂದು ವಿಭಾಗದಲ್ಲೂ ಹೆಸರಿನ ಜಾಗ ಖಾಲಿ ಬಿಟ್ಟ ಹೊಗಳಿಕೆಯ ಪ್ಯಾರಾಗಳು. ಬೇಕಾದ ಪ್ಯಾರಾ ಆಯ್ದು ಜೋಡಿಸಿದರೆ ಅರ್ಧ ಗಂಟೆಯಲ್ಲಿ ಒಂದು ಲೇಖನ ಸಿದ್ಧ. ಚಿಕ್ಕಬಸಮ್ಮನವರು ಒಮ್ಮೆ ಆ ನೋಟ್‌ಬುಕ್ ತೆರೆದು ನೋಡಿ, “ಇದೇನ್ರೀ, ರೆಡಿಮೇಡ್ ಅಂಗಡಿ ಇಟ್ಟಂಗಿದೆ” ಅಂದರು. ಇವರು ನಕ್ಕು, ಅಳತೆ ಹೆಚ್ಚುಕಡಿಮೆಯಾದರೂ ಯಾರೂ ವಾಪಸ್ಸು ತಂದಿಲ್ಲವಲ್ಲ ಎಂದರು.

೧೯೯೮ರಲ್ಲಿ ಕೋಮಲ ಬ್ಯಾಂಕ್ ಸಾಲದಿಂದ ಒಂದು ಕಂಪ್ಯೂಟರ್ ಕೊಂಡು ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಡಿ.ಟಿ.ಪಿ. ಸೆಂಟರ್ ತೆರೆದಳು. ಹುಡುಗಿ ನಡೆಸುವ ಅಂಗಡಿ ಎಷ್ಟು ದಿನ ನಡೆದೀತು ಎಂದು ನೋಡಲು ಬಂದವರು ಬಹಳ, ಕೆಲಸ ತಂದವರು ಕಡಿಮೆ. ಗಂಗಾಧರಸ್ವಾಮಿಯವರು ನಂಜನಗೂಡಿನಲ್ಲೇ ಮಾಡಿಸಬಹುದಾಗಿದ್ದ ಕೆಲಸವನ್ನು ಬಸ್ಸು ಹತ್ತಿ ಇಲ್ಲಿಗೆ ತಂದರು. ಕರಡು ತಿದ್ದುವುದನ್ನು ಹೇಳಿಕೊಟ್ಟರು. ಒಂದು ವಾಕ್ಯದಲ್ಲಿ ಎರಡು ‘ಅತ್ಯಂತ’ ಬಂದರೆ ಒಂದನ್ನು ತೆಗೆಯುವ ಅಧಿಕಾರ ಕೊಟ್ಟರು. ಎರಡೂ ತೆಗೆದರೆ ಇನ್ನೂ ಸಂತೋಷ ಎಂದರು. ಸಾಲದ ಮೊದಲ ಹನ್ನೆರಡು ಕಂತುಗಳು ಅವರು ತಂದ ಕೆಲಸದಿಂದಲೇ ತೀರಿದವು ಎಂಬುದನ್ನು ಕೋಮಲ ಇಲ್ಲಿಯವರೆಗೆ ಅವರಿಗೆ ಹೇಳಿರಲಿಲ್ಲ. ಈಗ ಹೇಳಿದ್ದಾಯಿತು.

ಇನ್ನು ಆ ತಪ್ಪಿನ ವಿಷಯ.

೨೦೦೦ನೇ ಇಸವಿಯ ಜೂನ್ ತಿಂಗಳು. ಪವಿತ್ರಳಿಗೆ ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಶುಲ್ಕದ ಹಣಕ್ಕಾಗಿ ಗಂಗಾಧರಸ್ವಾಮಿಯವರು ಹದಿನೈದು ದಿನಗಳಲ್ಲಿ ಹನ್ನೊಂದು ಕೆಲಸ ಒಪ್ಪಿಕೊಂಡಿದ್ದರು. ಹನ್ನೊಂದನೆಯದು ಮುಡುಕುತೊರೆಯ ಬೆಟ್ಟಯ್ಯನವರ ಕುರಿತದ್ದು. ಅವರು ಸಹಕಾರ ಸೊಸೈಟಿಯೊಂದರಲ್ಲಿ ಮೂವತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದು ಆ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದರು. ಸೊಸೈಟಿಯ ನಿರ್ದೇಶಕ ಸೋಮಶೇಖರ್ ಫೋನು ಮಾಡಿ, ತಮ್ಮ ಹೆಸರಿನಲ್ಲಿ ನಾಲ್ಕು ಪುಟದ ಲೇಖನ ಬೇಕು, ನಾಳೆಯೇ ಬೇಕು ಎಂದರು. ಗಂಗಾಧರಸ್ವಾಮಿಯವರು ಬೆಟ್ಟಯ್ಯನವರನ್ನು ಕಂಡವರಲ್ಲ. ಹಿಂದಿನ ತಿಂಗಳು ಸಿದ್ದಯ್ಯ ಎಂಬ ಮುಖ್ಯೋಪಾಧ್ಯಾಯರ ಮೇಲೆ ಬರೆದ ಲೇಖನ ಕೋಮಲಳ ಫ್ಲಾಪಿಯಲ್ಲಿ ಇನ್ನೂ ಇತ್ತು.

“ಸಿದ್ದಯ್ಯ ಮೇಷ್ಟ್ರ ಮ್ಯಾಟರ್ ಇದೆಯಲ್ಲವ್ವ, ಅದರಲ್ಲಿ ಹೆಸರು ಬದಲಾಯಿಸು. ಶಾಲೆ ಅನ್ನೋ ಕಡೆ ಸೊಸೈಟಿ ಅಂತ ಹಾಕು. ಮಕ್ಕಳು ಅನ್ನೋ ಕಡೆ ರೈತರು. ಉಳಿದದ್ದು ಹಾಗೇ ಇರ್ಲಿ” ಎಂದು ಅವರು ಎಸ್.ಟಿ.ಡಿ. ಬೂತಿನಿಂದ ಹೇಳಿದರು. ಕೋಮಲ ಹತ್ತು ನಿಮಿಷದಲ್ಲಿ ಬದಲಾಯಿಸಿದಳು. ಓದಿ ನೋಡಲಿಲ್ಲ. ಕಂಪ್ಯೂಟರ್ ಎಷ್ಟು ಸಲೀಸು ಎಂದು ಅವಳಿಗೆ ಹೆಮ್ಮೆಯೇ ಆಗಿತ್ತು.

ಸಮಾರಂಭ ಸೊಸೈಟಿಯ ಗೊಬ್ಬರದ ಗೋದಾಮಿನ ಮುಂದೆ ಶಾಮಿಯಾನದಡಿ ನಡೆಯಿತು. ಗಂಗಾಧರಸ್ವಾಮಿಯವರೂ ಕೋಮಲಳೂ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಸೋಮಶೇಖರ್ ಅಂದು ಹಂಚಿದ್ದ ಸ್ಮರಣ ಸಂಚಿಕೆ ತೆರೆದು ಗಟ್ಟಿ ದನಿಯಲ್ಲಿ ಓದತೊಡಗಿದರು: “ಮಳೆಯಿರಲಿ ಬಿಸಿಲಿರಲಿ, ಮೂವತ್ತೆರಡು ವರ್ಷ ಪ್ರತಿದಿನ ಎಂಟು ಮೈಲಿ ಸೈಕಲ್ ತುಳಿದು ರೈತರ ಸೇವೆಗೆ ಧಾವಿಸುತ್ತಿದ್ದ ಮಾನ್ಯ ಬೆಟ್ಟಯ್ಯನವರು...” ಜನ ಒಬ್ಬರ ಮುಖ ಒಬ್ಬರು ನೋಡಿದರು. ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತಿದ್ದ ಬೆಟ್ಟಯ್ಯನವರ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸಣ್ಣಗಾದದ್ದು. ಮಂಡಿಯ ಮೇಲೆ ಕೈಯೂರಿ ನಡೆಯುವ ಅವರನ್ನು ಸುತ್ತಲಿನ ಹಳ್ಳಿಗಳಲ್ಲಿ ಕಾಣದವರೇ ಇರಲಿಲ್ಲ, ಅವರ ಮೇಲೆ ಲೇಖನ ಬರೆದವರನ್ನು ಬಿಟ್ಟು. ಸಾಲದ್ದಕ್ಕೆ ಸಿದ್ದಯ್ಯ ಮೇಷ್ಟ್ರು ಬೆಟ್ಟಯ್ಯನವರಿಗೆ ಬೀಗರು. ಮಗಳನ್ನು ಬೆಟ್ಟಯ್ಯನವರ ಮನೆಗೇ ಕೊಟ್ಟಿದ್ದ ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಎಂಟು ಮೈಲಿಯ ಮಾತು ಕಿವಿಗೆ ಬಿದ್ದದ್ದೇ ತಡೆಯಲಾರದೆ, “ಲೋ ಸೋಮಶೇಖರಪ್ಪ, ಅದು ನನ್ ಸೈಕಲ್ಲು ಕಣಪ್ಪ!” ಅಂದುಬಿಟ್ಟರು.

ಶಾಮಿಯಾನವಿಡೀ ನಕ್ಕಿತು. ಬೆಟ್ಟಯ್ಯನವರು ನಗಲಿಲ್ಲ. ಶಾಲು ತೆಗೆದು ಅಚ್ಚುಕಟ್ಟಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಊಟಕ್ಕೂ ನಿಲ್ಲಲಿಲ್ಲ.

ಲೇಖನದ ಕೆಳಗೆ ಇದ್ದದ್ದು ಸೋಮಶೇಖರರ ಹೆಸರು. ಗಂಗಾಧರಸ್ವಾಮಿಯವರು ಸುಮ್ಮನೆ ಬಸ್ಸು ಹತ್ತಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಅವರು ಮಾರನೆಯ ಬೆಳಿಗ್ಗೆ ಆರು ಪುಟ ಬರೆಯದೆ, ಸ್ನಾನ ಮಾಡದೆ, ಮೊದಲ ಬಸ್ಸಿಗೆ ಮುಡುಕುತೊರೆಗೆ ಹೊರಟರು. ದಾರಿಯಲ್ಲಿ ನರಸೀಪುರದಲ್ಲಿ ಇಳಿದು ಕೋಮಲಳನ್ನೂ ಕರೆದುಕೊಂಡರು. ಅವಳಿಗೆ ಹೋಗಲು ಮನಸ್ಸಿರಲಿಲ್ಲ, ಅವರು ಬಿಡಲಿಲ್ಲ.

ಬೆಟ್ಟಯ್ಯನವರು ಜಗಲಿಯ ಮೇಲೆ ಕುಳಿತಿದ್ದರು. ಬರೆದವನು ನಾನು ಎಂದು ಗಂಗಾಧರಸ್ವಾಮಿಯವರು ಹೇಳಿದಾಗ ಅವರು ಇಬ್ಬರಿಗೂ ಕೂರಲು ಕೈ ತೋರಿಸಿದರು. ಆಮೇಲೆ, “ಒಂದ್ ಮಾತ ನ್ಯಾಯವಾಗಿ ಯೋಳಿ ಸಾ. ನನ್ನ ಆಡ್ಕೊಳಾಕೆ ಬರುದ್ರಾ, ಇಲ್ಲಾ ತಿಳೀದೆ ಬರುದ್ರಾ?” ಎಂದು ಕೇಳಿದರು.

“ಆಡ್ಕೊಳ್ಳೋಕೆ ಖಂಡಿತ ಅಲ್ಲ. ತಿಳ್ಕೊಳ್ಳೋ ಗೋಜಿಗೇ ಹೋಗ್ಲಿಲ್ಲ” ಎಂದರು ಇವರು. “ಇನ್ನೊಬ್ಬರದ್ದನ್ನ ತೆಗೆದು ನಿಮ್ಮ ಹೆಸರು ಹಾಕ್ದೆ.”

“ಮೂವತ್ತೆಲ್ಡು ವರ್ಸ ಒಬ್ಬುನ್ ಪಾಸ್‌ಬುಕ್ಕು ತಗ್ದು ಇನ್ನೊಬ್ಬುಂಗೆ ಬರೀನಿಲ್ಲ ಸಾ ನಾನು.”

ಹೀಗೆಂದವರೇ ಒಳಗೆ ನೋಡಿ, “ಮುತ್ತಮ್ಮಾ, ಇಬ್ರು ಬಂದವ್ರೆ, ಮುದ್ದೆಗಿಡು” ಎಂದು ಹೆಂಡತಿಗೆ ಹೇಳಿದರು. ಬಯ್ದಿದ್ದರೆ ಸಹಿಸಿಕೊಳ್ಳಬಹುದಿತ್ತು, ಆ ಮುದ್ದೆಯನ್ನು ಸಹಿಸುವುದೇ ಕಷ್ಟವಾಯಿತು ಎಂದು ಗಂಗಾಧರಸ್ವಾಮಿಯವರು ಈಗಲೂ ಹೇಳುತ್ತಾರೆ.

ಉಂಡ ಮೇಲೆ, ನೀವು ದಿನಾ ಸೊಸೈಟಿಗೆ ಹೋಗುತ್ತಿದ್ದ ದಾರಿ ತೋರಿಸುತ್ತೀರಾ ಎಂದು ಇವರು ಕೇಳಿದರು. ಮೂವರೂ ಹೊರಟರು. ದಾರಿ ಇದ್ದದ್ದು ಎರಡೂವರೆ ಕಿಲೋಮೀಟರು. ಗಿರಣಿಯ ಗೇಟಿಗೆ ಓಡಿ ರೂಢಿಯಾದ ಗಂಗಾಧರಸ್ವಾಮಿಯವರ ಕಾಲು ಚುರುಕು. ಹತ್ತು ಹೆಜ್ಜೆಗೊಮ್ಮೆ ಮುಂದೆ ಹೋಗಿ ನಿಲ್ಲುತ್ತಿದ್ದರು. ಬೆಟ್ಟಯ್ಯನವರು ಹಿಂದಿನಿಂದ, “ಅಂಗೆ ಮುಂದೋದ್ರೆ ಏನೂ ಕಾಣಾಕಿಲ್ಲ ಸಾ, ನನ್ ಜೊತ್ಗೆ ಬನ್ನಿ” ಎಂದರು. ಜೊತೆಗೆ ನಡೆದಾಗ ಕಂಡಿತು. ಅವರು ದಣಿವಾರಿಸಿಕೊಳ್ಳಲು ಕೂರುತ್ತಿದ್ದ ಕಲ್ಲುಗಳು ಆ ದಾರಿಯಲ್ಲಿ ಐದಿದ್ದವು. ಸೊಸೈಟಿಯ ಬಾಗಿಲಲ್ಲಿ ನಿಂತು ಸಾಲ ಕೇಳಲು ಸಂಕೋಚಪಡುವವರು, ಅರ್ಜಿ ಬರೆಯಲು ಬಾರದವರು, ಅತ್ತೆಗೆ ತಿಳಿಯದಂತೆ ಉಳಿತಾಯ ಕಟ್ಟುವ ಹೆಂಗಸರು ಮೂವತ್ತೆರಡು ವರ್ಷ ಆ ಕಲ್ಲುಗಳ ಬಳಿಯೇ ಕಾದು ತಮ್ಮ ಕಷ್ಟ ಹೇಳಿಕೊಂಡಿದ್ದರು. ಮೂರನೆಯ ಕಲ್ಲಿನ ಹತ್ತಿರ ಆ ದಿನವೂ ಒಬ್ಬಾಕೆ ಕಾಯುತ್ತಿದ್ದಳು. ನಿವೃತ್ತಿಯಾದದ್ದು ಆಕೆಗೆ ಗೊತ್ತಿರಲಿಲ್ಲ. ಬೆಟ್ಟಯ್ಯನವರು ಕುಳಿತು ಆಕೆಯ ಕಾಗದ ನೋಡಿ, ಯಾರ ಬಳಿ ಹೋಗಬೇಕೆಂದು ಹೇಳಿ ಎದ್ದರು. ಕೋಮಲ ಗಡಿಯಾರ ನೋಡಿದಳು. ಸೊಸೈಟಿ ತಲುಪಲು ಒಂದೂಕಾಲು ಗಂಟೆ ಹಿಡಿದಿತ್ತು.

ಆ ರಾತ್ರಿ ಬರೆದ ಲೇಖನವನ್ನು ಗಂಗಾಧರಸ್ವಾಮಿಯವರು ತಮ್ಮ ಖರ್ಚಿನಲ್ಲೇ ಅಚ್ಚು ಮಾಡಿಸಲು ನಿರ್ಧರಿಸಿದರು. ಸಂಚಿಕೆಯ ಮುನ್ನೂರು ಪ್ರತಿ ಆಗಲೇ ಹಂಚಿಹೋಗಿತ್ತು. ಅವನ್ನು ಮನೆಮನೆಗೆ ಹೋಗಿ ವಾಪಸ್ಸು ತಂದು, ಹಳೆಯ ನಾಲ್ಕು ಪುಟ ಕಿತ್ತು, ಹೊಸ ನಾಲ್ಕು ಪುಟ ಅಂಟಿಸಿ ಮತ್ತೆ ಮುಟ್ಟಿಸಬೇಕು. ಕಾಗದ, ಅಚ್ಚು, ಓಡಾಟ ಎಲ್ಲ ಸೇರಿದರೆ ಬಿ.ಎಡ್. ಶುಲ್ಕಕ್ಕೆಂದು ಎತ್ತಿಟ್ಟಿದ್ದ ದುಡ್ಡನ್ನೇ ತೆಗೆಯಬೇಕಿತ್ತು. ಅವರು ಮಗಳನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿ, ಏನು ಮಾಡಲಿ ಎಂದು ಕೇಳಿದರು. ಪವಿತ್ರ ಎರಡು ದಿನ ಅಪ್ಪನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ಚಿಕ್ಕಬಸಮ್ಮನವರು ಮೈದಾ ಹಿಟ್ಟಿನ ಅಂಟು ಕಾಯಿಸಿ ಇಳಿಸುತ್ತಿದ್ದಾಗ ಅವಳೇ ಬಂದು ಬಟ್ಟಲು ತೆಗೆದುಕೊಂಡು ಪುಟ ಅಂಟಿಸಲು ಕುಳಿತಳು. ಆ ವರ್ಷ ಅವಳು ಕಾಲೇಜಿಗೆ ಹೋಗಲಿಲ್ಲ. ಮನೆಯ ಮುಂದೆ ಮಕ್ಕಳಿಗೆ ಪಾಠ ಹೇಳಿದಳು. ಕೋಮಲ ತನ್ನ ಪಾಲಿನ ಖರ್ಚು ಕೊಡಲು ಹೋದಾಗ, “ನೀನು ಓದಿ ನೋಡದೆ ಕೊಟ್ಟೆ, ನಾನು ನೋಡದೆ ಬರೆದೆ. ದೊಡ್ಡ ತಪ್ಪು ನಂದು. ನಿನ್ನ ಪಾಲಿಗೆ ಅಂಟಿಸೋ ಕೆಲಸ ಇದೆ, ಕೂತ್ಕೊ” ಎಂದರು.

ಸುದ್ದಿ ಹರಡಿತು. ಸೋಮಶೇಖರ್ ತಮಗಾದ ಅವಮಾನಕ್ಕೆ ಕಂಡಕಂಡವರ ಬಳಿ ದೂರಿದರು. ದೀಪಾವಳಿ ಕಳೆದರೂ ಗಂಗಾಧರಸ್ವಾಮಿಯವರನ್ನು ಹುಡುಕಿಕೊಂಡು ಅಭಿನಂದನೆಯ ಕೆಲಸಕ್ಕೆ ಯಾರೂ ಬರಲಿಲ್ಲ. ಆಕಾಶವಾಣಿಯ ಸಂಭಾಷಣೆಗಳಲ್ಲೇ ಮನೆ ನಡೆಯಿತು, ತೆವಳುತ್ತ ನಡೆಯಿತು. ಗಿರಣಿಯ ಹಳೆಯ ಸ್ನೇಹಿತರೊಬ್ಬರು ಮೈಸೂರಿನಲ್ಲಿ ವಾಚ್‌ಮನ್ ಕೆಲಸ ಇದೆ ಎಂದು ಹೇಳಿ ಕಳುಹಿಸಿದರು. ಯೋಚಿಸಿ ಹೇಳುತ್ತೇನೆ ಎಂದು ಇವರು ಉತ್ತರ ಕೊಟ್ಟದ್ದನ್ನು ಕೇಳಿ ಕೋಮಲಳಿಗೆ ಅಳು ಬಂತು. ಬರೆಯುವುದರಿಂದ ಬದುಕಬಹುದು ಎಂದು ಅವಳು ನಂಬಿದ್ದೇ ಅವರನ್ನು ನೋಡಿ.

ಆ ವೇಳೆಗೆ ಬದನವಾಳಿನ ಖಾದಿ ಕೇಂದ್ರದಿಂದ ನಾಲ್ವರು ಹೆಂಗಸರು ನಂಜನಗೂಡಿಗೆ ಬಂದರು. ಅವರ ಜೊತೆಗಾತಿ ರಾಚಮ್ಮ ನಲವತ್ತು ವರ್ಷ ನೂಲು ತೆಗೆದು ಕೆಲಸ ಬಿಡುತ್ತಿದ್ದಳು. ಅವರಲ್ಲೊಬ್ಬಳ ತವರು ಮುಡುಕುತೊರೆ. “ಬೆಟ್ಟಯ್ಯನೋರ್‌ದು ಕಲ್ಲಿನ್ ಕತೆ ಬರ್ದಿದ್ರಂತಲ್ಲ ಸಾ, ನಮ್ ಮೊಮ್ಮಗ ಓದ್ಬುಟ್ಟು ಯೋಳ್ದ. ನಮ್ ರಾಚಿಗೂ ಅಂಗೇ ಒಂದ್ ಬರ್ಕೊಡಿ” ಎಂದಳು ಆಕೆ. ಗಂಗಾಧರಸ್ವಾಮಿಯವರು ಒಂದೇ ಷರತ್ತು ಹಾಕಿದರು: ತಾವು ಒಂದು ದಿನ ಪೂರ್ತಿ ರಾಚಮ್ಮನ ರಾಟೆಯ ಪಕ್ಕ ಕೂರಬೇಕು. ವಾಚ್‌ಮನ್ ಕೆಲಸಕ್ಕೆ ಒಲ್ಲೆನೆಂದು ಅದೇ ಸಂಜೆ ಕಾಗದ ಬರೆದು ಹಾಕಿದರು.

ಅಲ್ಲಿಂದ ಮುಂದೆ ಇದೇ ಅವರ ಕ್ರಮವಾಯಿತು. ಯಾರ ಮೇಲೆ ಬರೆಯಬೇಕೋ ಅವರೊಂದಿಗೆ ಒಂದು ದಿನ. ಇದಕ್ಕೆ ಒಪ್ಪದವರ ಕೆಲಸ ಬೇಡ. ಎಪ್ಪತ್ತೈದರ ಜಾಗದಲ್ಲಿ ಐನೂರು ಕೇಳಿದರು. ಕೇಳಿದ್ದನ್ನು ಜನ ಕೊಟ್ಟರು, ಏಕೆಂದರೆ ಓದಿದ ಮನೆಯವರು ಇದು ನಮ್ಮಪ್ಪನೇ ಎಂದು ಒಪ್ಪುವಂತೆ ಬರೆಯುವವರು ಬೇರೆ ಯಾರೂ ಇರಲಿಲ್ಲ. ಒಂದು ದಿನ ಕೂರುವುದರಿಂದ ದಿನ ಹಾಳಾಗುತ್ತದೆಂದು ಮೊದಮೊದಲು ಹೆದರಿದ್ದ ಅವರಿಗೆ, ಆ ಒಂದು ದಿನದಲ್ಲಿ ನಾಲ್ಕು ಬರಹಗಳಿಗೆ ಆಗುವಷ್ಟು ಸಾಮಗ್ರಿ ಸಿಗುವುದೆಂದು ಕ್ರಮೇಣ ತಿಳಿಯಿತು. ರಾಚಮ್ಮನೊಂದಿಗೆ ಕಳೆದ ದಿನದಿಂದ ಅಭಿನಂದನ ಲೇಖನವೂ ಹುಟ್ಟಿತು, ಪತ್ರಿಕೆಗೆ ಖಾದಿಯ ಮೇಲೆ ಒಂದು ಪುರವಣಿ ಲೇಖನವೂ, ಆಕಾಶವಾಣಿಗೆ ಒಂದು ಭಾಷಣವೂ, ಮಹಿಳಾ ಮಾಸಿಕಕ್ಕೆ ಒಂದು ಸಂದರ್ಶನವೂ ಹುಟ್ಟಿದವು. ಬೆಳಗಿನ ಆರು ಪುಟದ ನಿಯಮ ಹಾಗೆಯೇ ನಡೆಯಿತು, ಈಗ ಆ ಆರು ಪುಟಕ್ಕೆ ಬೆಲೆ ಬಂದಿತ್ತು. ೨೦೦೧ರಲ್ಲಿ ಪವಿತ್ರ ಬಿ.ಎಡ್. ಸೇರಿದಳು. ಈಗ ಪ್ರೌಢಶಾಲೆಯಲ್ಲಿ ಅಧ್ಯಾಪಕಿ. ೨೦೦೪ರಲ್ಲಿ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸಿದರು. ರೆಡಿಮೇಡ್ ನೋಟ್‌ಬುಕ್ ಒಲೆಗೆ ಹೋಯಿತೆಂದು ಕೆಲವರು ಹೇಳುವುದುಂಟು. ಅದು ಸುಳ್ಳು. ಕಾಗದ ದಂಡ ಮಾಡುವವರಲ್ಲ ಅವರು, ಅದರ ಹಿಂಬದಿಯಲ್ಲೇ ಹೊಸ ಕರಡುಗಳನ್ನು ಬರೆದು ಮುಗಿಸಿದರು.

ಬರವಣಿಗೆ ಕಲಿಯಲು ಬಂದ ಹತ್ತಾರು ಜನರಿಗೆ, ಕೋಮಲಳನ್ನೂ ಸೇರಿಸಿ, ಅವರು ಹೇಳಿಕೊಟ್ಟ ಪರೀಕ್ಷೆ ಒಂದೇ. ಬರೆದು ಮುಗಿಸಿದ ಮೇಲೆ ಹೆಸರಿರುವ ಕಡೆಯೆಲ್ಲ ಹೆಬ್ಬೆರಳಿನಿಂದ ಮುಚ್ಚಿ, ಆ ಮನುಷ್ಯನನ್ನು ಬಲ್ಲ ಒಬ್ಬರಿಗೆ ಓದಿ ಹೇಳಬೇಕು. ಯಾರೆಂದು ಅವರು ಗುರುತಿಸಿದರೆ ಲೇಖನ ಉಳಿಯಿತು. ಬೇರೆಯವರಿಗೂ ಹೊಂದುವ ವಾಕ್ಯ ಕಂಡರೆ, ಅದು ಎಷ್ಟೇ ಚೆನ್ನಾಗಿರಲಿ, ಹೊಡೆದು ಹಾಕಬೇಕು.

ಹಾಗೆಂದೇ ಕೋಮಲ ಹೋದ ವಾರ, ಗುರುಗಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಈ ಲೇಖನವನ್ನು ಚಿಕ್ಕಬಸಮ್ಮನವರ ಬಳಿಗೆ ಒಯ್ದಳು. ಅವರು ಅವರೆಕಾಯಿ ಸುಲಿಯುತ್ತ ಕೇಳಿದರು. ಗಿರಣಿ ಬಂತು, ಆರು ಪುಟ ಬಂತು. ಅವರು ಸುಲಿಯುತ್ತಲೇ ಇದ್ದರು. ಮೈದಾ ಅಂಟಿನ ಜಾಗ ಬಂದಾಗ ಕೈ ನಿಂತಿತು.

“ಅಂಟು ಕಾಯ್ಸಿದ್ದು ನಾನೇ ಕಣವ್ವ. ಇನ್ಯಾರ ಹೆಸರು ಮುಚ್ತೀಯ, ತೆಗಿ ಬೆರಳ್ನ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ಕೊನೇಲಿ ಏನಂತ ಬರ್ದಿದ್ದೀ?” ಎಂದು ಕೇಳಿದರು.

“ನೂರು ಕಾಲ ಬಾಳಲಿ, ಅವರಿಂದ ಇನ್ನಷ್ಟು ಸೇವೆ ಆಗಲಿ ಅಂತ.”

“ಅದು ಯಾರಿಗಾದ್ರೂ ಹೊಂದ್ತದಲ್ಲ! ಅವ್ರು ನೋಡಿದ್ರೆ ಬುಟ್ಟಾರಾ? ಹೊಡೆದಾಕು.”

ಕೋಮಲ ಹೊಡೆದು ಹಾಕಿದ್ದಾಳೆ. ಆದರೆ ಹಾರೈಸದೆ ಲೇಖನ ಮುಗಿಸಲು ಅವಳಿಗೆ ಮನಸ್ಸಿಲ್ಲ. ಬೆಟ್ಟಯ್ಯನವರಿಗೆ ಈಗ ವಯಸ್ಸಾಗಿದೆ. ಸೊಸೈಟಿಯವರೆಗೆ ನಡೆಯಲು ಆಗುವುದಿಲ್ಲ, ಮೂರನೆಯ ಕಲ್ಲಿನವರೆಗೆ ಮಾತ್ರ ಹೋಗುತ್ತಾರೆ. ತಿಂಗಳ ಮೊದಲ ಶನಿವಾರ ಗಂಗಾಧರಸ್ವಾಮಿಯವರು ನಂಜನಗೂಡಿನಿಂದ ಬಸ್ಸು ಹತ್ತಿ ಹೋಗಿ ಅವರ ಜೊತೆ ನಡೆಯುತ್ತಾರೆ. ಎಂಟು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಲ್ಲ. ಗಿರಣಿಯ ಗೇಟಿಗೆ ಓಡುತ್ತಿದ್ದ ಕಾಲು ಈಗ ಬೆಟ್ಟಯ್ಯನವರ ಪಕ್ಕದಲ್ಲಿ, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಎಲ್ಲೂ ಮುಂದೆ ಹೋಗದೆ ನಡೆಯುತ್ತದೆ. ಆ ಶನಿವಾರಗಳು ಇನ್ನೂ ಬಹಳ ವರ್ಷ ಬರಲಿ. ಇಬ್ಬರೂ ಹೋಗಿ ಆ ಕಲ್ಲಿನ ಮೇಲೆ ಕೂರಲಿ.